ಬಿಎಂಡಬ್ಲ್ಯು 340ಐ ಕೊಟ್ಟು ಕಿಯಾ ಸ್ಟಿಂಗರ್ ತಂದೆ: ಎರಡನ್ನೂ ಒಂದೇ ರಸ್ತೆಯಲ್ಲಿ ಓಡಿಸಿ ನೋಡಿದ ಹೋಲಿಕೆ

ಬಿಎಂಡಬ್ಲ್ಯು ಕೊಟ್ಟು ಕಿಯಾ ತಗೊಂಡೆ ಎಂದಾಗ ಚಿಕ್ಕಮ್ಮ ಫೋನಿನಲ್ಲಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಮೆಲ್ಲಗೆ ಕೇಳಿದರು: "ದುಡ್ಡಿಗೇನಾದ್ರೂ ತೊಂದರೆಯಾ ಕಣಮ್ಮ?" ಅಪ್ಪ ಕೇಳಿದ್ದು ಬೇರೆ. "ಕಿಯಾ ಅಂದ್ರೆ ಪೆನುಕೊಂಡದ ಹತ್ರ ಫ್ಯಾಕ್ಟ್ರಿ ಹಾಕಿದಾರಲ್ಲ, ಆ ಕಂಪನಿಯಾ?" ನಮ್ಮೂರು ಮಧುಗಿರಿ. ಗಡಿ ದಾಟಿ ಒಂದಿಷ್ಟು ದೂರ ಹೋದರೆ ಪೆನುಕೊಂಡ. ಆ ವರ್ಷ, ಅಂದರೆ 2019ರಲ್ಲಿ, ಅಲ್ಲಿಂದ ಸೆಲ್ಟೋಸ್ ಕಾರುಗಳು ಹೊರಬರಲು ಶುರುವಾಗಿತ್ತು. ನಾನು ಕೊಂಡ ಸ್ಟಿಂಗರ್ ಭಾರತಕ್ಕೆ ಬರಲೇ ಇಲ್ಲ. ಅದು ತಯಾರಾಗಿದ್ದು ಕೊರಿಯಾದಲ್ಲಿ. ಹಾಗಾಗಿ ಊರಿನಲ್ಲಿ ಯಾರಿಗೂ ಅದು ಎಂಥ ಕಾರು ಎಂದು ಗೊತ್ತಿರಲಿಲ್ಲ.

ಇಬ್ಬರಿಗೂ ಅವತ್ತು ಸರಿಯಾದ ಉತ್ತರ ಕೊಡಲು ನನಗೆ ಆಗಲಿಲ್ಲ. ಈಗ ಆಗುತ್ತದೆ. ಆಸ್ಟ್ರೇಲಿಯಾದ ಬ್ರಿಸ್ಬೇನಿನಲ್ಲಿ ಮೂರು ವರ್ಷ 340ಐ ಓಡಿಸಿದೆ. 2019ರಿಂದ ಸ್ಟಿಂಗರ್ ಜಿಟಿ ಓಡಿಸುತ್ತಿದ್ದೇನೆ. ಇನ್ನೊಂದು ಅನುಕೂಲವೂ ಇದೆ. ನನ್ನ ಹಳೆಯ ಕಾರು ಎಲ್ಲೂ ಹೋಗಿಲ್ಲ. ಪುತ್ತೂರಿನ ನನ್ನ ಗೆಳತಿಯೇ ಅದನ್ನು ಕೊಂಡಳು. ಅವಳೂ ಈಗ ಇಲ್ಲೇ ಇದ್ದಾಳೆ, ಅವಳ ಮನೆ ನಮ್ಮಲ್ಲಿಂದ ಹತ್ತು ನಿಮಿಷದ ದಾರಿ. ಬೇಕೆನಿಸಿದಾಗ ಕೀಲಿ ಬದಲಾಯಿಸಿಕೊಂಡು ಇಬ್ಬರೂ ಎರಡನ್ನೂ ಓಡಿಸುತ್ತೇವೆ. ನೆನಪನ್ನು ನಂಬಿಕೊಂಡು ಬರೆಯುವ ಕಷ್ಟ ನನಗಿಲ್ಲ.

ಅವಳಿಗೆ ಮಾರಿದ್ದಕ್ಕೂ ಕಾರಣವಿದೆ. ಮೊದಲು ಒಂದು ಶೋರೂಮಿಗೆ ಎಕ್ಸ್‌ಚೇಂಜ್ ಕೇಳಲು ಹೋಗಿದ್ದೆ. ಅಲ್ಲಿನವನು ಕಾರಿನ ಬಾಗಿಲು ಕೂಡ ತೆಗೆಯದೆ ಒಂದು ರೇಟು ಹೇಳಿದ. ಮಾತಾಡಿದ್ದೆಲ್ಲ ನನ್ನ ಗಂಡನ ಜೊತೆ. ಕಾರು ನನ್ನದು, ಓಡಿಸುವವಳು ನಾನು, ಪ್ರಶ್ನೆ ಕೇಳುತ್ತಿದ್ದವಳೂ ನಾನು. ಎದ್ದು ಬಂದೆ. ಗೆಳತಿಗೆ ಹೇಳಿದೆ. ಅವಳು ಒಂದು ರೌಂಡು ಓಡಿಸಿ, "ಇದನ್ನು ಬೇರೆಯವರಿಗೆ ಕೊಟ್ಟರೆ ನಿನ್ನ ಹತ್ರ ಮಾತಾಡುವುದಿಲ್ಲ ಮಾರಾಯ್ತಿ" ಎಂದಳು. ಇಲ್ಲಿ ಕಾರು ಮಾರುವಾಗ ಬೇಕಾಗುವ ಸೇಫ್ಟಿ ಸರ್ಟಿಫಿಕೇಟ್ ಮಾಡಿಸಿ ಅವಳ ಹೆಸರಿಗೆ ಬರೆದುಕೊಟ್ಟೆ.

340ಐ ಬಗ್ಗೆ ನನಗೆ ಬೇಜಾರಾಗಿತ್ತು ಎಂದು ತಿಳಿಯಬೇಡಿ. ಆ ಕಾರನ್ನು ನಾನು ತುಂಬಾ ಪ್ರೀತಿಸಿದೆ. ಈಗಲೂ ಪ್ರೀತಿಸುತ್ತೇನೆ. ಆದರೆ ನಮ್ಮ ಮನೆ ಬದಲಾಯಿತು. ಮಗು ಬಂತು. ಊರಿನಿಂದ ಅತ್ತೆ, ಮಾವ ಬಂದು ನಮ್ಮ ಜೊತೆ ಇರತೊಡಗಿದರು. ಅತ್ತೆ ಹಾಡುತ್ತಾರೆ, ಅವರ ಜೊತೆ ಅವರ ತಂಬೂರಿಯೂ ಬಂತು. ರಜೆಯೆಂದರೆ ಸಿಡ್ನಿಯಲ್ಲಿರುವ ನಾದಿನಿ ಮನೆ. ಬ್ರಿಸ್ಬೇನಿನಿಂದ ಸಿಡ್ನಿಗೆ 900 ಕಿಲೋಮೀಟರಿಗೂ ಜಾಸ್ತಿ. ಮೊದಲು ನಾನೊಬ್ಬಳೇ ಬೆಳಿಗ್ಗೆ ಐದಕ್ಕೆದ್ದು ಬೆಟ್ಟ ಸುತ್ತುತ್ತಿದ್ದೆ. ಈಗ ಐದು ಜನ, ನಾಲ್ಕು ಬ್ಯಾಗು, ಒಂದು ತಂಬೂರಿ.

ಮನಸ್ಸು ಬದಲಾಯಿಸಿದ್ದು ಒಂದು ಮೊಳೆ. ಭಾನುವಾರ ಸಂಜೆ ಆರ್ಮಿಡೇಲ್ ಕಡೆಯಿಂದ ನ್ಯೂ ಇಂಗ್ಲೆಂಡ್ ಹೈವೇಯಲ್ಲಿ ವಾಪಸ್ಸು ಬರುತ್ತಿದ್ದೆವು. ಗ್ಲೆನ್ ಇನ್ನೆಸ್ ಊರು ದಾಟಿದ ಮೇಲೆ ಹಿಂದಿನ ಟೈರಿನ ಗಾಳಿ ಇಳಿಯುತ್ತಿದೆ ಎಂದು ಕಾರು ಹೇಳಿತು. 340ಐನಲ್ಲಿ ಸ್ಟೆಪ್ನಿ ಇಲ್ಲ. ಅದರದ್ದು ರನ್‌ಫ್ಲ್ಯಾಟ್ ಟೈರು. ಈ ಟೈರಿನ ಪಕ್ಕದ ಗೋಡೆ ತುಂಬಾ ದಪ್ಪ. ಗಾಳಿ ಪೂರ್ತಿ ಹೋದರೂ ಆ ಗೋಡೆಯೇ ಕಾರಿನ ಭಾರ ಹೊರುತ್ತದೆ. 80 ಕಿಮೀ ವೇಗ ಮೀರದೆ ಸುಮಾರು 80 ಕಿಮೀ ದೂರ ಹೋಗಬಹುದು. ಸಿಟಿಯಲ್ಲಾದರೆ ಇದು ವರ. ಮನೆಗೆ ಹೋಗಿ, ನಾಳೆ ನೋಡಿಕೊಂಡರಾಯಿತು. ಆದರೆ ಅಲ್ಲಿಂದ ಬ್ರಿಸ್ಬೇನಿಗೆ ಇನ್ನೂ 350 ಕಿಮೀ ಇತ್ತು. ತಿರುಗಿಸಿಕೊಂಡು ಗ್ಲೆನ್ ಇನ್ನೆಸ್‌ಗೆ ಬಂದೆವು. ಆ ಅಳತೆಯ ರನ್‌ಫ್ಲ್ಯಾಟ್ ಸಣ್ಣ ಊರಿನ ಟೈರು ಅಂಗಡಿಯಲ್ಲಿ ಇರುವುದಿಲ್ಲ, ಇರಲೂ ಇಲ್ಲ. ಎರಡು ರಾತ್ರಿ ಮೋಟೆಲಿನಲ್ಲಿ ಕಳೆದೆವು. ಅತ್ತೆ ಒಂದು ಮಾತೂ ಅನ್ನಲಿಲ್ಲ. ಅವರು ಏನಾದರೂ ಅಂದಿದ್ದರೇ ಚೆನ್ನಾಗಿತ್ತು ಎನ್ನಿಸಿತು.

ಅದೇ ಸಮಯಕ್ಕೆ ವಾರಂಟಿಯೂ ಮುಗಿಯುತ್ತಿತ್ತು. ಆಗ ಇಲ್ಲಿ ಬಿಎಂಡಬ್ಲ್ಯು ಕೊಡುತ್ತಿದ್ದುದು ಮೂರು ವರ್ಷ. ಕಿಯಾ ಏಳು ವರ್ಷ, ಕಿಲೋಮೀಟರ್ ಮಿತಿಯೂ ಇಲ್ಲ. ದೂರದ ಊರುಗಳಿಗೆ ಮನೆಮಂದಿಯನ್ನೆಲ್ಲ ಕರೆದುಕೊಂಡು ಹೋಗುವವಳಿಗೆ ಈ ನಾಲ್ಕು ವರ್ಷದ ವ್ಯತ್ಯಾಸ ಸಣ್ಣದಲ್ಲ.

ಸ್ಟಿಂಗರ್ ಬಗ್ಗೆ ಸ್ವಲ್ಪ ಹಿನ್ನೆಲೆ ಹೇಳಬೇಕು. ಕಿಯಾ 2011ರಲ್ಲಿ ಫ್ರಾಂಕ್‌ಫರ್ಟ್ ಮೋಟಾರ್ ಶೋನಲ್ಲಿ ಜಿಟಿ ಎಂಬ ಕಾನ್ಸೆಪ್ಟ್ ಕಾರು ತೋರಿಸಿತ್ತು. ಅದು ರಸ್ತೆಗಿಳಿಯುವ ರೂಪ ಪಡೆದು, ಸ್ಟಿಂಗರ್ ಎಂಬ ಹೆಸರಿನಲ್ಲಿ 2017ರ ಜನವರಿಯಲ್ಲಿ ಡೆಟ್ರಾಯಿಟ್‌ನಲ್ಲಿ ಕಾಣಿಸಿಕೊಂಡಿತು. ಕಿಯಾದ ವಿನ್ಯಾಸವನ್ನು ಆಗ ನೋಡಿಕೊಳ್ಳುತ್ತಿದ್ದವರು ಪೀಟರ್ ಶ್ರೇಯರ್. ಮೊದಲು ಆಡಿಯಲ್ಲಿದ್ದವರು, ಟಿಟಿ ಕಾರಿನ ವಿನ್ಯಾಸದಿಂದ ಹೆಸರಾದವರು, 2006ರಲ್ಲಿ ಕಿಯಾಗೆ ಬಂದರು. ಸ್ಟಿಂಗರ್ ಓಡುವ ರೀತಿಯನ್ನು ತಿದ್ದಿದವರು ಆಲ್ಬರ್ಟ್ ಬೀರ್ಮನ್. ಅವರು ಬಿಎಂಡಬ್ಲ್ಯುನ ವೇಗದ ಕಾರುಗಳನ್ನು ಮಾಡುವ ಎಂ ವಿಭಾಗದ ಎಂಜಿನಿಯರಿಂಗ್ ಮುಖ್ಯಸ್ಥರಾಗಿದ್ದು, 2015ರಲ್ಲಿ ಹ್ಯುಂಡೈ-ಕಿಯಾಗೆ ಸೇರಿದರು. ಅಂದರೆ ನಾನು ಜರ್ಮನ್ ಬಿಟ್ಟು ಕೊರಿಯಾಗೆ ಹೋದೆ ಎನ್ನುವುದು ಅರ್ಧ ಮಾತ್ರ ನಿಜ. ನನಗಿಂತ ಮೊದಲೇ ಜರ್ಮನಿಯ ಕೈಗಳು ಅಲ್ಲಿಗೆ ಹೋಗಿದ್ದವು.

ಆಸ್ಟ್ರೇಲಿಯಾಗೆ ಅದು ಬಂದ ಹೊತ್ತೂ ವಿಶೇಷವಾಗಿತ್ತು. ಇಲ್ಲಿನವರಿಗೆ ಹಿಂದಿನ ಚಕ್ರ ತಳ್ಳುವ ದೊಡ್ಡ ಸೆಡಾನ್ ಎಂದರೆ ಪ್ರಾಣ. ಒಂದು ಮನೆ ಫೋರ್ಡ್ ಫಾಲ್ಕನ್ ಕಡೆಗಿದ್ದರೆ ಪಕ್ಕದ ಮನೆ ಹೋಲ್ಡನ್ ಕಮೊಡೋರ್ ಕಡೆ. ಫೋರ್ಡ್ 2016ರ ಅಕ್ಟೋಬರಿನಲ್ಲಿ ಇಲ್ಲಿ ಕಾರು ಮಾಡುವುದನ್ನು ನಿಲ್ಲಿಸಿತು. ಹೋಲ್ಡನ್ ಕಾರ್ಖಾನೆ 2017ರ ಅಕ್ಟೋಬರ್ 20ರಂದು ಮುಚ್ಚಿತು. ಸ್ಟಿಂಗರ್ ಬಂದಿದ್ದು ಸರಿಯಾಗಿ ಆ ದಿನಗಳಲ್ಲೇ. ನಮ್ಮ ಪಕ್ಕದ ಮನೆಯ ಅಜ್ಜ ನಲವತ್ತು ವರ್ಷ ಹೋಲ್ಡನ್ ಬಿಟ್ಟು ಬೇರೆ ಕಾರು ಮುಟ್ಟದವರು. ನನ್ನ ಬಿಎಂಡಬ್ಲ್ಯು ಕಡೆ ತಿರುಗಿಯೂ ನೋಡಿರಲಿಲ್ಲ. ಸ್ಟಿಂಗರ್ ತಂದ ದಿನ ಬೇಲಿ ಹತ್ತಿರ ಬಂದು ಬಾನೆಟ್ ತೆಗೆಸಿ ನೋಡಿದರು.

ನಮ್ಮ ರಾಜ್ಯವಾದ ಕ್ವೀನ್ಸ್‌ಲ್ಯಾಂಡಿನ ಪೊಲೀಸರು ಕೂಡ ಫಾಲ್ಕನ್, ಕಮೊಡೋರ್‌ಗಳ ಜಾಗಕ್ಕೆ 2018ರಿಂದ ಸ್ಟಿಂಗರ್ ತರತೊಡಗಿದರು. ನನ್ನದು ಬಿಳಿ ಬಣ್ಣದ್ದು. ಎಂ1 ಹೈವೇಯಲ್ಲಿ ಹಿಂದೆ ಹೋದರೆ ಮುಂದಿನ ಗಾಡಿಗಳು ತಾವಾಗಿ ನಿಧಾನವಾಗುತ್ತವೆ. ಇದು ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಜಾಸ್ತಿ ದೂರ ಬಿಟ್ಟು ಓಡಿಸುವುದನ್ನು ರೂಢಿಸಿಕೊಂಡೆ.

ಈಗ ಹೋಲಿಕೆಗೆ ಬರುತ್ತೇನೆ. ನಾನೂ ಗೆಳತಿಯೂ ಒಂದು ಶನಿವಾರ ಬೆಳಿಗ್ಗೆ ಬ್ರಿಸ್ಬೇನಿನ ಅಂಚಿನ ದಿ ಗ್ಯಾಪ್ ಕಡೆಯಿಂದ ಹೊರಟು ಮೌಂಟ್ ನೀಬೊ, ಮೌಂಟ್ ಗ್ಲೋರಿಯಸ್ ಹತ್ತಿ, ಸ್ಯಾಮ್‌ಫರ್ಡ್ ಕಡೆ ಇಳಿದೆವು. ಆ ರಸ್ತೆ ಗೊತ್ತಿಲ್ಲದವರು ನಮ್ಮ ಘಾಟಿ ರಸ್ತೆಗಳನ್ನು ನೆನಪಿಸಿಕೊಳ್ಳಿ. ಎರಡೂ ಕಡೆ ಒತ್ತಾದ ಕಾಡು, ಬೆಳಗಿನ ಹೊತ್ತು ರಸ್ತೆ ಮೇಲೆ ತೇವ, ಒಂದು ತಿರುವು ಮುಗಿಯುವ ಮೊದಲೇ ಇನ್ನೊಂದು. ಲಾರಿ ಇಲ್ಲ, ಅಷ್ಟೇ ವ್ಯತ್ಯಾಸ. ಬೈಕಿನವರು ಬಹಳ. ವೇಗದ ಮಿತಿಯೂ ಕಡಿಮೆ. ಹಾಗಾಗಿ ಇಲ್ಲಿ ಹೇಳುವುದೆಲ್ಲ ಮಿತಿಯೊಳಗೆ ಓಡಿಸಿದಾಗ ಕಂಡದ್ದು. ಒಳ್ಳೆಯ ಕಾರಿನ ಗುಣ ತಿಳಿಯಲು 60 ಕಿಮೀ ವೇಗವೇ ಸಾಕು.

ಹೋಗುವಾಗ ನಾನು 340ಐನಲ್ಲಿ. ಮೂರನೇ ತಿರುವಿಗೇ ಹಳೆಯ ಸಲುಗೆ ವಾಪಸ್ಸು ಬಂತು. ಈ ಕಾರಿಗೆ ಕೈ ಹೇಳುವುದಕ್ಕಿಂತ ಮೊದಲು ಕಣ್ಣು ಹೇಳಿದರೆ ಸಾಕು. ಎಲ್ಲಿ ನೋಡುತ್ತೀರೋ ಅಲ್ಲಿಗೆ ಮೂಗು ತಿರುಗಿಸುತ್ತದೆ. ಉದ್ದ 4,633 ಮಿಮೀ, ಸ್ಟಿಂಗರ್‌ಗಿಂತ ಹತ್ತಿರ ಹತ್ತಿರ 20 ಸೆಂಟಿಮೀಟರ್ ಗಿಡ್ಡ. ತೂಕದಲ್ಲೂ 200 ಕೆಜಿಯಷ್ಟು ಹಗುರ. ಕಾಗದದ ಮೇಲೆ ಈ ಅಂಕಿಗಳು ಏನೂ ಅನ್ನಿಸುವುದಿಲ್ಲ. ಒಂದರ ಹಿಂದೊಂದು ತಿರುವು ಬರುವ ರಸ್ತೆಯಲ್ಲಿ ಅದೇ ಎಲ್ಲ. ಎಡಕ್ಕೆ ವಾಲಿದ ಕಾರು ಬಲಕ್ಕೆ ವಾಲಲು ತೆಗೆದುಕೊಳ್ಳುವ ಹೊತ್ತಿನಲ್ಲಿ ಆ 200 ಕೆಜಿ ಗೊತ್ತಾಗುತ್ತದೆ.

ಮೇಲೆ ಕಾಫಿ ಕುಡಿದು ಕೀಲಿ ಬದಲಾಯಿಸಿಕೊಂಡೆವು. ಇಳಿಯುವಾಗ ನಾನು ಸ್ಟಿಂಗರ್‌ನಲ್ಲಿ. ಮೊದಲ ಹತ್ತು ನಿಮಿಷ ಅದು ತುಂಬಾ ದೊಡ್ಡದು ಅನ್ನಿಸಿತು. ದಿನಾ ಓಡಿಸುವ ನನಗೇ ಹಾಗನ್ನಿಸಿತು ಎಂದರೆ 340ಐ ಎಷ್ಟು ಚುರುಕು ಎಂದು ಲೆಕ್ಕ ಹಾಕಿ. ಸ್ಟಿಂಗರ್ ಕೂಡ ಚೆನ್ನಾಗಿಯೇ ತಿರುಗುತ್ತದೆ. ಹಿಡಿತ ಬಿಡುವುದಿಲ್ಲ. ಹಿಂದಿನ ಚಕ್ರಗಳ ನಡುವೆ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ ಇದೆ. ತಿರುವಿನಿಂದ ಹೊರಬರುವಾಗ ಆಕ್ಸಿಲರೇಟರ್ ಒತ್ತಿದರೆ ಒಂದೇ ಚಕ್ರ ಸುಮ್ನೆ ಸುತ್ತುವುದಿಲ್ಲ, ಎರಡೂ ಸೇರಿ ತಳ್ಳುತ್ತವೆ. ಬ್ರೇಕು ಇಟಲಿಯ ಬ್ರೆಂಬೊ ಕಂಪನಿಯದ್ದು. ಇಳಿಜಾರಿನಲ್ಲಿ ಒಂದು ಸಲವೂ ಭಯವಾಗಲಿಲ್ಲ. ಆದರೆ ಅದಕ್ಕೆ ಮೊದಲೇ ಹೇಳಬೇಕು. ತಿರುವಿಗೆ ಮುಂಚೆ ವೇಗ ಇಳಿಸಿ, ಒಂದೇ ಸಲ ಸ್ಟೀರಿಂಗ್ ತಿರುಗಿಸಿ, ಅದನ್ನು ಅದರ ಪಾಡಿಗೆ ಬಿಡಬೇಕು. ಕ್ಷಣಕ್ಷಣಕ್ಕೂ ತಿದ್ದುತ್ತಾ ಹೋದರೆ ಅದಕ್ಕೆ ಹಿಡಿಸುವುದಿಲ್ಲ.

ಸ್ಯಾಮ್‌ಫರ್ಡ್‌ನಲ್ಲಿ ಇಳಿದ ಕೂಡಲೇ ಗೆಳತಿ ಕೇಳಿದಳು: "ಆ ಸ್ಟೀರಿಂಗಿನಲ್ಲಿ ರಸ್ತೆ ಎಲ್ಲುಂಟು ಮಾರಾಯ್ತಿ? ನನಗೆ ಎಂಥದೂ ಗೊತ್ತಾಗಲಿಲ್ಲ." ಅವಳ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಎರಡರಲ್ಲೂ ಇರುವುದು ಎಲೆಕ್ಟ್ರಿಕ್ ಸ್ಟೀರಿಂಗೇ. ಹಳೆಯ ಕಾಲದ ಬಿಎಂಡಬ್ಲ್ಯುಗಳಲ್ಲಿ ರಸ್ತೆಯ ತರಿ ಅಂಗೈಗೆ ಬರುತ್ತಿತ್ತು ಎನ್ನುತ್ತಾರಲ್ಲ, ಅದು 340ಐನಲ್ಲೂ ಅಷ್ಟಾಗಿ ಇಲ್ಲ. ಆದರೆ ಒಂದು ಮಟ್ಟಿಗೆ ಅವಳದ್ದು ಸರಿ. 340ಐ ಸ್ಟೀರಿಂಗ್ ಸಣ್ಣ ಮಾತನ್ನೂ ಕೇಳಿಸಿಕೊಳ್ಳುತ್ತದೆ. ಸ್ಟಿಂಗರ್ ದೊಡ್ಡ ಮಾತು ಮಾತ್ರ.

ಎಂಜಿನ್ ಬಗ್ಗೆ ನಾನು ಉದ್ದ ಬರೆಯಲೇಬೇಕು. ನನಗೆ ಅದೇ ಮುಖ್ಯ. ಎರಡರಲ್ಲೂ ಆರು ಸಿಲಿಂಡರ್, ಎರಡರಲ್ಲೂ ಟರ್ಬೊ. ಹೋಲಿಕೆ ಅಲ್ಲಿಗೆ ಮುಗಿಯುತ್ತದೆ. 340ಐನಲ್ಲಿ ಆರೂ ಸಿಲಿಂಡರ್ ಒಂದೇ ಸಾಲಿನಲ್ಲಿವೆ. ಮೂರು ಲೀಟರ್, 240 ಕಿಲೋವ್ಯಾಟ್ ಶಕ್ತಿ, 450 ನ್ಯೂಟನ್ ಮೀಟರ್ ಎಳೆತ. ಹೀಗೆ ಆರನ್ನೂ ಸಾಲಾಗಿ ನಿಲ್ಲಿಸಿದಾಗ ಒಂದು ಪಿಸ್ಟನ್ನಿನ ಅಲುಗಾಟವನ್ನು ಇನ್ನೊಂದರ ಅಲುಗಾಟ ಸರಿತೂಗಿಸುತ್ತದೆ. ಅದಕ್ಕೇ ಆ ಎಂಜಿನ್ ಅಷ್ಟು ನಯ. 2019ರಲ್ಲಿ ಟೊಯೊಟಾ ತನ್ನ ಸುಪ್ರಾವನ್ನು ಮತ್ತೆ ತಂದಾಗ ಬಿಎಂಡಬ್ಲ್ಯುನ ಇದೇ ಬಿ58 ಎಂಜಿನ್ ಹಾಕಿತು. ನಿಮಿಷಕ್ಕೆ ಆರು ಸಾವಿರ ಸುತ್ತು ದಾಟಿದಾಗಲೂ ಅದು ಕಿರುಚುವುದಿಲ್ಲ, ಹಾಡುತ್ತದೆ. ಅತ್ತೆಯೇ ಒಂದು ದಿನ ಹಿಂದಿನ ಸೀಟಿನಿಂದ, "ಏನಮ್ಮ, ಇದರ ಶ್ರುತಿ ಎಲ್ಲೂ ಜಾರುವುದೇ ಇಲ್ಲವಲ್ಲ" ಎಂದಿದ್ದರು. ಕಾರಿನ ಬಗ್ಗೆ ಅವರು ಆಡಿದ ಒಂದೇ ಒಂದು ಹೊಗಳಿಕೆ ಅದು.

ಸ್ಟಿಂಗರ್‌ನದ್ದು 3.3 ಲೀಟರ್ ವಿ6, ಎರಡು ಟರ್ಬೊ. ಮೂರು ಸಿಲಿಂಡರ್ ಈ ಕಡೆ, ಮೂರು ಆ ಕಡೆ ವಾಲಿಕೊಂಡಿವೆ. ಎಂಜಿನ್ ಗಿಡ್ಡವಾಗುತ್ತದೆ, ಆದರೆ ಸಾಲು ಎಂಜಿನ್ನಿನ ಆ ಸಹಜ ಸಮತೋಲ ಸಿಗುವುದಿಲ್ಲ. 272 ಕಿಲೋವ್ಯಾಟ್. 510 ನ್ಯೂಟನ್ ಮೀಟರ್ ಎಳೆತ, ಅದೂ 1,300 ಸುತ್ತಿನಿಂದಲೇ. ಕಾಲು ಇಟ್ಟರೆ ಸಾಕು, ಬೆನ್ನ ಹಿಂದೆ ಯಾರೋ ಕೈಯಿಟ್ಟು ತಳ್ಳಿದ ಹಾಗೆ ಹೋಗುತ್ತದೆ. ಸೊನ್ನೆಯಿಂದ ನೂರಕ್ಕೆ ಕಂಪನಿ ಹೇಳುವುದು 4.9 ಸೆಕೆಂಡ್. 340ಐಗೆ 5.1. ಈ ಎರಡು ಅಂಕಿಗಳ ವ್ಯತ್ಯಾಸ ಯಾರಿಗೂ ತಿಳಿಯುವುದಿಲ್ಲ. ತಿಳಿಯುವುದು ಬೇರೆ ಕಡೆ. ಎರಡು ಲೇನಿನ ಹೈವೇಯಲ್ಲಿ ಮುಂದೆ ಉದ್ದದ ಲಾರಿ ಇದ್ದು, ಎದುರಿಗೆ ರಸ್ತೆ ಖಾಲಿ ಕಂಡಾಗ. ಆ ಹೊತ್ತಿಗೆ ಸ್ಟಿಂಗರ್ ಪಿಕಪ್ ಮನಸ್ಸಿಗೆ ಧೈರ್ಯ ಕೊಡುತ್ತದೆ. ಆದರೆ ಸದ್ದು? ಸದ್ದಿನಲ್ಲಿ ಸಪ್ಪೆ. ಎರಡೂ ಕಾರುಗಳು ಸ್ಪೀಕರಿನಿಂದ ಸ್ವಲ್ಪ ಎಂಜಿನ್ ಸದ್ದು ಸೇರಿಸುತ್ತವೆ. 340ಐನಲ್ಲಿ ಅದು ಒಗ್ಗರಣೆ ಮಾತ್ರ, ಸಾರು ಮೊದಲೇ ರುಚಿಯಾಗಿದೆ.

ಗೇರಿನ ವಿಷಯದಲ್ಲಿ ಜಗಳವೇ ಇಲ್ಲ. ಎರಡೂ ಎಂಟು ಗೇರಿನ ಆಟೊಮ್ಯಾಟಿಕ್. 340ಐನಲ್ಲಿರುವುದು ಜರ್ಮನಿಯ ಝಡ್‌ಎಫ್ ಕಂಪನಿಯದ್ದು, ಸ್ಟಿಂಗರ್‌ನದ್ದು ತಮ್ಮದೇ ತಯಾರಿ. ಝಡ್‌ಎಫ್ ಯಾವಾಗಲೂ ಒಂದು ಹೆಜ್ಜೆ ಮುಂದೆ. ಘಾಟಿ ಇಳಿಯುವಾಗ ನಾನು ಸ್ಟೀರಿಂಗ್ ಹಿಂದಿನ ಗೇರ್ ಪ್ಯಾಡಲ್ ಒತ್ತಿ ಎರಡನೇ ಗೇರಿಗೆ ತಂದರೆ ಸ್ಟಿಂಗರ್ ಸ್ವಲ್ಪ ಹೊತ್ತು ಹಿಡಿದಿಟ್ಟು, ಆಮೇಲೆ ತಾನೇ ಆಟೊಗೆ ಮರಳುತ್ತದೆ. ಇಳಿಜಾರಿನಲ್ಲಿ ಇದು ಕಿರಿಕಿರಿ. ದಿನದ ಓಡಾಟದಲ್ಲಿ ನೆನಪಿಗೂ ಬರುವುದಿಲ್ಲ.

ಇಷ್ಟು ಓದಿದರೆ, ಹಾಗಾದರೆ ಬದಲಾಯಿಸಿದ್ದೇಕೆ ಎಂದು ಕೇಳುತ್ತೀರಿ ಅಲ್ವಾ? ಬೆಟ್ಟದ ಮೇಲೆ 340ಐ ಗೆದ್ದಿತು. ನನ್ನ ಮನಸ್ಸಿನಲ್ಲಿ ಅದಕ್ಕೆ ಅನುಮಾನವೇ ಇಲ್ಲ. ಆದರೆ ನಾನು ಬೆಟ್ಟದ ಮೇಲೆ ಬದುಕುವುದಿಲ್ಲ. ಸ್ಟಿಂಗರನ್ನು 340ಐ ಸೇರಿದ ಬಿಎಂಡಬ್ಲ್ಯು 3 ಸೀರೀಸಿಗೆ ಎದುರಾಳಿ ಎಂದು ಎಲ್ಲರೂ ಹೇಳಿದರು. ನಾನೂ ಹಾಗೆಂದುಕೊಂಡೇ ಕೊಂಡೆ. ಕೊಂಡ ಮೇಲೆ ಗೊತ್ತಾಯಿತು, ಅದು ಬೇರೆ ಜಾತಿಯ ಕಾರು. ಹೆಸರಿನಲ್ಲಿರುವ ಜಿಟಿ (ಗ್ರ್ಯಾಂಡ್ ಟೂರರ್) ಎಂಬ ಎರಡು ಅಕ್ಷರ ನಿಜ ಹೇಳುತ್ತವೆ. ಅದು ದೂರ ಹೋಗಲು ಹುಟ್ಟಿದ ಕಾರು. ತಿರುವಿನ ಲೆಕ್ಕದಲ್ಲಿ ಅದನ್ನು ಅಳೆದರೆ ಸೋಲುತ್ತದೆ. ಗಂಟೆಗಳ ಲೆಕ್ಕದಲ್ಲಿ ಅಳೆದರೆ ಗೆಲ್ಲುತ್ತದೆ.

ಎರಡೂ ಕಾರಿನ ಟೈರಿನ ಅಳತೆ ಒಂದೇ ಎಂಬುದನ್ನು ನಾನು ತಡವಾಗಿ ಗಮನಿಸಿದೆ. ನನ್ನ ಎರಡು ಕಾರಿನದ್ದೂ ಮುಂದೆ 225/40, ಹಿಂದೆ 255/35, 19 ಇಂಚು. ಆದರೆ ಸ್ಟಿಂಗರ್‌ನದ್ದು ಮಾಮೂಲಿ ಟೈರು, ಮಿಶೆಲಿನ್ ಪೈಲಟ್ ಸ್ಪೋರ್ಟ್ 4. ಗೋಡೆ ತೆಳು, ಬಾಗುತ್ತದೆ, ಸಣ್ಣ ಗುಂಡಿಯ ಪೆಟ್ಟನ್ನು ಅದೇ ನುಂಗುತ್ತದೆ. ರನ್‌ಫ್ಲ್ಯಾಟ್‌ನ ದಪ್ಪ ಗೋಡೆ ಅದನ್ನು ನೇರ ಸೀಟಿಗೆ ತಲುಪಿಸುತ್ತದೆ. ಇನ್ನೊಂದು, ಕಿಯಾ ಇಲ್ಲಿನ ಒರಟು ಹಳ್ಳಿ ರಸ್ತೆಗಳಲ್ಲಿ ಓಡಿಸಿ ಈ ಕಾರಿನ ಸಸ್ಪೆನ್ಷನ್ನನ್ನು ಆಸ್ಟ್ರೇಲಿಯಾಗೆಂದೇ ಟ್ಯೂನ್ ಮಾಡಿಸಿದೆ. ತೇಪೆ ಹಾಕಿದ ಡಾಂಬರಿನ ಮೇಲೆ 100ರ ವೇಗದಲ್ಲಿ ಹೋಗುವಾಗ ಅದು ಚೆನ್ನಾಗಿ ತಿಳಿಯುತ್ತದೆ. ಚಕ್ರದಿಂದ ಚಕ್ರಕ್ಕೆ ಇರುವ ದೂರ ಸ್ಟಿಂಗರ್‌ನಲ್ಲಿ 2,905 ಮಿಮೀ, 340ಐನಲ್ಲಿ 2,810. ಆ ಒಂಬತ್ತೂವರೆ ಸೆಂಟಿಮೀಟರ್ ಕುಲುಕಾಟವನ್ನು ತಗ್ಗಿಸುತ್ತದೆ. ಮತ್ತೆ, ಡಿಕ್ಕಿಯ ಕೆಳಗೆ ಸ್ಟೆಪ್ನಿ ಇದೆ. ಸಣ್ಣ ಸ್ಟೆಪ್ನಿಯೇ, ಆದರೂ ಇದೆ. ಗ್ಲೆನ್ ಇನ್ನೆಸ್ ನೆನಪಾದಾಗಲೆಲ್ಲ ನನಗೆ ಅದೊಂದು ನೆಮ್ಮದಿ.

ಡಿಕ್ಕಿಯ ವಿಷಯದಲ್ಲಿ ಅಂಕಿ ನಂಬಬೇಡಿ. ಸ್ಟಿಂಗರ್ 406 ಲೀಟರ್, 340ಐ 480 ಲೀಟರ್. ಉದ್ದದ ಕಾರಿಗೆ ಸಣ್ಣ ಡಿಕ್ಕಿ! ನಾನೂ ಮೊದಲು ಹಿಂದೇಟು ಹಾಕಿದೆ. ಆದರೆ ಸ್ಟಿಂಗರ್‌ನ ಹಿಂದಿನ ಗಾಜು ಸಮೇತ ಇಡೀ ಬಾಗಿಲು ಮೇಲಕ್ಕೆ ಎದ್ದು ನಿಲ್ಲುತ್ತದೆ. ತಂಬೂರಿಯ ಕಥೆ ಅಲ್ಲೇ ಬಗೆಹರಿಯಿತು. 340ಐನಲ್ಲಿ ಸೀಟು ಮಡಚಿದರೂ ತಂಬೂರಿಯ ಬುರುಡೆ ಆ ಕಿಂಡಿಯಲ್ಲಿ ತೂರುತ್ತಿರಲಿಲ್ಲ. ಅತ್ತೆ ಅದನ್ನು ಹಿಂದಿನ ಸೀಟಿನಲ್ಲಿ ಮಗುವಿನ ಹಾಗೆ ಅಪ್ಪಿಕೊಂಡು ಕೂರುತ್ತಿದ್ದರು. ಸ್ಟಿಂಗರ್‌ನಲ್ಲಿ ಒಂದು ಪಕ್ಕದ ಸೀಟು ಮಡಚಿ, ದುಪ್ಪಟಿ ಹಾಸಿ, ಮೇಲಿನಿಂದ ಮಲಗಿಸುತ್ತೇವೆ. ಹಾಗೆ ಮಾಡಿದಾಗ ಕೂರುವವರು ಕಡಿಮೆಯಾಗುತ್ತಾರೆ, ನಿಜ. ಕನ್ನಡ ಸಂಘದ ರಾಜ್ಯೋತ್ಸವಕ್ಕೆ ನಾನು, ಅತ್ತೆ, ತಂಬೂರಿ ಒಂದು ಕಾರಿನಲ್ಲಿ. ಉಳಿದವರು ಗೆಳತಿಯ ಜೊತೆ, ಅದೇ 340ಐನಲ್ಲಿ.

ಹಿಂದಿನ ಸೀಟಿನಲ್ಲಿ ಕಾಲಿಗೆ ಸ್ಟಿಂಗರ್‌ನಲ್ಲಿ ಜಾಗ ಜಾಸ್ತಿ, ತಲೆಗೆ ಕಡಿಮೆ. ಚಾವಣಿ ಹಿಂದಕ್ಕೆ ಇಳಿಜಾರು. ಮಾವ ಎತ್ತರದವರು, ಗುಂಡಿ ಬಂದಾಗ ತಲೆ ತಾಗುತ್ತದೆ ಎನ್ನುತ್ತಾರೆ. ನಡುವೆ ಕೂರುವವರಿಗೆ ಎರಡರಲ್ಲೂ ಕಷ್ಟ. ನೆಲದ ನಡುವೆ ಎತ್ತರದ ಉಬ್ಬು ಇದೆ. ಐದು ಜನ ದೂರ ಹೋಗುವುದಿದ್ದರೆ ನಾವು ಈಗಲೂ ಎರಡನೇ ಗಾಡಿ ತೆಗೆಯುತ್ತೇವೆ. ಎಸ್‌ಯುವಿ ತಗೋಬಹುದಿತ್ತಲ್ಲ ಎಂದು ಕೇಳುವವರಿದ್ದಾರೆ. ತಗೋಬಹುದಿತ್ತು. ನನಗೆ ಕಾರು ಓಡಿಸುವುದೆಂದರೆ ಇಷ್ಟ, ಅದನ್ನು ಪೂರ್ತಿ ಬಿಟ್ಟುಕೊಡಲು ಮನಸ್ಸಾಗಲಿಲ್ಲ.

ಒಳಗೆ ಕೂತರೆ ಬಿಎಂಡಬ್ಲ್ಯು ಗಟ್ಟಿತನ ಬೆರಳಿಗೆ ಗೊತ್ತಾಗುತ್ತದೆ. ಗುಂಡಿ ಒತ್ತಿದರೆ ಬರುವ ಟಿಕ್ ಎಂಬ ಸದ್ದಿನಲ್ಲೂ ಒಂದು ಲೆಕ್ಕವಿದೆ. ಪರದೆಯನ್ನು ನಡೆಸುವ ಐಡ್ರೈವ್‌ನ ತಿರುಗಣೆಯನ್ನು ರಸ್ತೆಯಿಂದ ಕಣ್ಣು ತೆಗೆಯದೆ ಬಳಸಬಹುದು. ಸ್ಟಿಂಗರ್‌ನಲ್ಲಿ ಪರದೆ ಮುಟ್ಟಲು ಕೈ ಚಾಚಬೇಕು, ಕೆಳಗಿನ ಪ್ಲಾಸ್ಟಿಕ್ ಒರಟು. ಆದರೆ ಬ್ರಿಸ್ಬೇನಿನ ಜನವರಿ ಸೆಕೆಗೆ ಅದರ ಮುಂದಿನ ಸೀಟಿನಿಂದ ತಣ್ಣಗೆ ಗಾಳಿ ಬರುತ್ತದೆ. ಆಂಡ್ರಾಯ್ಡ್ ಆಟೊ ಇದೆ, ಹಳೆಯ 340ಐನಲ್ಲಿ ಇರಲಿಲ್ಲ.

ಖರ್ಚಿನ ಮಾತು. 2017ರಲ್ಲಿ ಸ್ಟಿಂಗರ್ ಜಿಟಿ ಬಂದಾಗ ರಿಜಿಸ್ಟ್ರೇಷನ್ ಮುಂತಾದ ಖರ್ಚು ಬಿಟ್ಟು ಬೆಲೆ 59,990 ಡಾಲರ್. ಇಲ್ಲಿ ದುಬಾರಿ ಕಾರಿಗೆ ಲಕ್ಷುರಿ ಕಾರ್ ಟ್ಯಾಕ್ಸ್ ಎಂದಿದೆ. 2017-18ರಲ್ಲಿ 65,094 ಡಾಲರ್ ದಾಟಿದ ಮೊತ್ತಕ್ಕೆ ಶೇ 33. ಸ್ಟಿಂಗರ್ ಆ ಗೆರೆಯ ಕೆಳಗೇ ನಿಂತಿತು. ನಾನು 340ಐ ಕೊಂಡಾಗ ಅದರ ಬೆಲೆ 90 ಸಾವಿರದ ಆಸುಪಾಸು. ಆ 30 ಸಾವಿರದ ವ್ಯತ್ಯಾಸ ನೋಡಿ ಖುಷಿಪಡುವ ಮೊದಲು ಪೆಟ್ರೋಲ್ ಲೆಕ್ಕ ಹಾಕಿ. ಕಂಪನಿ ಅಂಕಿ ಪ್ರಕಾರ ನೂರು ಕಿಮೀಗೆ 340ಐ 6.8 ಲೀಟರ್, ಸ್ಟಿಂಗರ್ 10.2. ನನ್ನ ಕೈಯಲ್ಲಿ 340ಐ 9 ಕುಡಿಯುತ್ತಿತ್ತು. ಸ್ಟಿಂಗರ್ ಸಿಟಿ, ಹೈವೇ ಸೇರಿ 12. ವರ್ಷಕ್ಕೆ 15 ಸಾವಿರ ಕಿಮೀ ಓಡಿಸಿದರೆ 450 ಲೀಟರ್ ಜಾಸ್ತಿ. ಸರ್ವಿಸ್ ಕೂಡ ಸ್ಟಿಂಗರ್‌ಗೆ 10 ಸಾವಿರ ಕಿಮೀಗೊಮ್ಮೆ ಅಥವಾ ವರ್ಷಕ್ಕೊಮ್ಮೆ. 340ಐ ತನಗೆ ಬೇಕಾದಾಗ ತಾನೇ ಹೇಳುತ್ತದೆ. ಸ್ಟಿಂಗರ್‌ನ ಏಳು ವರ್ಷದ ಸರ್ವಿಸ್‌ಗೆ ಕಂಪನಿ ಮೊದಲೇ ರೇಟು ಕಟ್ಟಿಕೊಟ್ಟಿತ್ತು. ಮುಂದೆ ಎಷ್ಟು ಖರ್ಚು ಎಂದು ನೋಟ್‌ಬುಕ್ಕಿನಲ್ಲಿ ಬರೆದಿಡಬಹುದಿತ್ತು. ನನಗೆ ಅದು ಇಷ್ಟವಾಯಿತು.

ಸ್ಟಿಂಗರ್ 2023ರಲ್ಲಿ ನಿಂತುಹೋಯಿತು. ಕೊನೆಗೆ ಟ್ರಿಬ್ಯೂಟ್ ಎಡಿಷನ್ ಎಂದು ಇಡೀ ಜಗತ್ತಿಗೆ ಸಾವಿರ ಕಾರು ಮಾಡಿದರು. ನನಗೆ ನಿಜವಾಗಿ ಸಂಕಟವಾಯಿತು. ಈಗ ಎರಡೂ ಸೆಕೆಂಡ್ ಹ್ಯಾಂಡ್‌ನಲ್ಲಿ ಮಾತ್ರ ಸಿಗುತ್ತವೆ. ಕೊಳ್ಳುವವರಿದ್ದರೆ ನಾನು ಹೇಳುವುದು ಇಷ್ಟು. ಟೆಸ್ಟ್ ಡ್ರೈವ್ ಎಂದು ಶೋರೂಮ್ ಸುತ್ತ ಹತ್ತು ನಿಮಿಷ ಓಡಿಸಬೇಡಿ. ಅಷ್ಟರಲ್ಲಿ ಎಲ್ಲರಿಗೂ 340ಐ ಇಷ್ಟವಾಗುತ್ತದೆ. ಎರಡು ಗಂಟೆ ಕೇಳಿ, ಮನೆಯವರನ್ನು ಕೂರಿಸಿಕೊಂಡು ಹೋಗಿ. ಒಬ್ಬರೇ ಓಡಾಡುವವರಾದರೆ, ಬೆಳಗಿನ ಖಾಲಿ ಬೆಟ್ಟದ ರಸ್ತೆ ನಿಮಗೆ ಪ್ರಾಣವಾದರೆ, ಕಣ್ಣು ಮುಚ್ಚಿಕೊಂಡು 340ಐ ತಗೊಳ್ಳಿ.

ಅಪ್ಪ ಎರಡರಲ್ಲೂ ಸಿಡ್ನಿಗೆ ಬಂದಿದ್ದಾರೆ. ನಾನು ಕಾರು ಕಲಿತಿದ್ದು ಅವರ ಸ್ಯಾಂಟ್ರೊದಲ್ಲಿ, ಮಧುಗಿರಿ ಕೊರಟಗೆರೆ ರಸ್ತೆಯಲ್ಲಿ. ಅದೂ ಕೊರಿಯಾದವರದ್ದೇ, ಹ್ಯುಂಡೈಯದ್ದು. ಸ್ಯಾಂಟ್ರೊ ಭಾರತಕ್ಕೆ ಬಂದ 1998ರಲ್ಲೇ ಹ್ಯುಂಡೈ ದಿವಾಳಿಯಾಗಿದ್ದ ಕಿಯಾವನ್ನು ತನ್ನದಾಗಿಸಿಕೊಂಡಿತು. 2017ರಲ್ಲಿ 340ಐನಲ್ಲಿ ಹೋದಾಗ ಅಪ್ಪ ದಾರಿಯುದ್ದಕ್ಕೂ ಬಾಗಿಲ ಮೇಲಿನ ಹಿಡಿ ಹಿಡಿದುಕೊಂಡೇ ಕೂತಿದ್ದರು. ಕಾಫ್ಸ್ ಹಾರ್ಬರ್ ತಲುಪುವ ಹೊತ್ತಿಗೆ ಸೊಂಟ ನೋವು. ಅಲ್ಲೇ ರಾತ್ರಿ ಉಳಿದೆವು.

2023ರಲ್ಲಿ ಮತ್ತೆ ಬಂದರು. ಈ ಸಲ ಸ್ಟಿಂಗರ್. ರಸ್ತೆಯೂ ಬದಲಾಗಿತ್ತು ಎಂದು ಹೇಳಬೇಕು. ಪೆಸಿಫಿಕ್ ಹೈವೇಯ ಅಗಲೀಕರಣ 2020ರ ಕೊನೆಗೆ ಮುಗಿದು ಪೂರ್ತಿ ನಾಲ್ಕು ಲೇನ್ ಆಗಿದೆ. ಎಲ್ಲ ಹೆಸರನ್ನೂ ಕಾರಿಗೇ ಕೊಡುವುದು ನ್ಯಾಯವಲ್ಲ. ಆದರೂ ನಾನು ಅವರನ್ನೇ ನೋಡುತ್ತಿದ್ದೆ. ಬ್ಯಾಲಿನಾ ದಾಟುವ ಮೊದಲೇ ನಿದ್ದೆ ಹೋದರು. ಕೈ ತೊಡೆಯ ಮೇಲಿತ್ತು. ಕಾಫ್ಸ್ ಹಾರ್ಬರಿನ ಆ ದೊಡ್ಡ ಬಾಳೆಹಣ್ಣಿನ ಪ್ರತಿಮೆಯ ಹತ್ತಿರ ಕಾರು ನಿಲ್ಲಿಸಿದಾಗ ಕಣ್ಣು ಬಿಟ್ಟರು. ಸೀಟು ತಗ್ಗು, ಎದ್ದು ಇಳಿಯಲು ನನ್ನ ಭುಜ ಹಿಡಿಯಬೇಕಾಯಿತು. ಇಳಿದು ನಾಲ್ಕು ಹೆಜ್ಜೆ ನಡೆದರು.

"ಸಿಡ್ನಿಗೆ ಇನ್ನೆಷ್ಟು ದೂರ?"

"530 ಕಿಲೋಮೀಟರ್ ಅಪ್ಪ. ಇಲ್ಲೇ ಉಳಿಯೋಣ್ವಾ?"

"ಯಾಕೆ? ಇನ್ನೂ ಬೆಳಕಿದೆಯಲ್ಲ. ಕಾಫಿ ಕುಡಿದು ಹೊರಡು."